ಹೆಸರು ಬದಲಿಸಲಾಗಿದೆ

ಪುಣೆಯಲ್ಲಿ ಪಾಲಿಕೆ ಚುನಾವಣೆಯ ಪ್ರಚಾರ ಜೋರಾಗಿದ್ದ ವಾರ. ನಮ್ಮ ವಾರ್ಡಿನ ಕೂಲಿಕಾರರ ಶೆಡ್ಡುಗಳಿಗೆ ನೀರು ಬರುತ್ತಿಲ್ಲವೆಂದು ನನ್ನ ಮರಾಠಿ ಬ್ಲಾಗಿನಲ್ಲಿ ಬರೆದೆ. ಅದರಲ್ಲಿದ್ದ ಮಾತೆಲ್ಲ ಕಲಬುರಗಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದ ಹೆಂಗಸೊಬ್ಬಳದು. ಅವಳಿಗೆ ತೊಂದರೆಯಾಗದಿರಲೆಂದು ಬೇರೆ ಹೆಸರು ಹಾಕಿ, ಕೆಳಗೆ 'ಹೆಸರು ಬದಲಿಸಲಾಗಿದೆ' ಎಂದೂ ಬರೆದಿದ್ದೆ.

ಮರುದಿನ, ಹಿಂದೆ ಗೆದ್ದು ಈಗ ಮತ್ತೆ ನಿಂತಿದ್ದ ಅಭ್ಯರ್ಥಿಯ ಕಡೆಯವನೊಬ್ಬ ಶೆಡ್ಡುಗಳ ಮುಂದೆ ಬಂದಿದ್ದಾನೆಂದು ಗೊತ್ತಾಗಿ ಓಡಿದೆ. ಮೊಬೈಲಿನಲ್ಲಿ ವಿಡಿಯೊ ಮಾಡುತ್ತಾ, ನಾನು ಹಾಕಿದ್ದ ಹೆಸರನ್ನೇ ಕೂಗಿ ಕೂಗಿ ಕರೆಯುತ್ತಿದ್ದ. ಕೊನೆಯ ಸಾಲಿನವರೆಗೆ ಓದುವ ಪೈಕಿಯಲ್ಲ ಆಸಾಮಿ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದರು ಜನ.

"ನೋಡಿ, ಇಂಥ ಹೆಂಗಸೇ ಇಲ್ಲ! ಎಲ್ಲ ಇವರು ಕಟ್ಟಿದ ಕತೆ," ಎಂದು ಕ್ಯಾಮೆರಾವನ್ನು ನನ್ನತ್ತ ತಿರುಗಿಸಿದ.

ನನಗೆ ಮೈಯೆಲ್ಲ ಉರಿದುಹೋಯಿತು. ಹೆಸರು ಬದಲಿಸಿದ್ದೇನೆ ಎಂದರೆ, ನಿಜವಾದವಳನ್ನು ತೋರಿಸು ಎನ್ನುತ್ತಾನೆ. ಸುಮ್ಮನಿದ್ದರೆ ನೀರಿಲ್ಲದ್ದೂ ಸುಳ್ಳಾಗುತ್ತದೆ. ಅಪ್ಪಿತಪ್ಪಿ ನನ್ನ ಕಣ್ಣು ಗುಂಪಿನಲ್ಲಿದ್ದ ಅವಳ ಕಡೆ ಹೋದೀತೆಂದು ಹಲ್ಲು ಕಚ್ಚಿ ನೆಲ ನೋಡುತ್ತಾ ನಿಂತೆ.

ಖಾಲಿ ಕೊಡ ಕೆಳಗಿಟ್ಟ ಸದ್ದಾಯಿತು. ಅವಳೇ ಮುಂದೆ ಬಂದಿದ್ದಳು.

"ಏನ್ರಿ ಅಕ್ಕಾರ, ಮಾತು ನಂದು, ಹೆಸರು ಬ್ಯಾರೆ ಯಾರ್ದೋ ಯಾಕ ಹಾಕೀರಿ?" ಎಂದು ಮೊದಲು ನನ್ನನ್ನೇ ದಬಾಯಿಸಿದಳು. ಆಮೇಲೆ ಅವನ ಕಡೆ ತಿರುಗಿ, ಮರಾಠಿಯಲ್ಲಿ, ನೀರಿಲ್ಲ ಅಂದವಳು ನಾನೇ ಎಂದಳು.

ಅವನು ಮೆಲ್ಲಗೆ ಮೊಬೈಲು ಇಳಿಸಿದ.

"ಇಳಿಸಬ್ಯಾಡ, ಹಿಡಿ," ಎಂದಳು. "ನನ್ನ ಹೆಸರು ಇನ್ನೂ ಹೇಳಿಲ್ಲ."