ಮೀಸೆಯಿಲ್ಲದ ದೋಣಿ

ಅರ್ಮಿಯ ಕೈಗೆ ಸಿಕ್ಕಿದ ಹಾಯಿದೋಣಿ ಹಾಲುಬಿಳುಪಾಗದೆ ಮತ್ತೆ ನೀರಿಗಿಳಿದದ್ದಿಲ್ಲ. ಫಿನ್‌ಲ್ಯಾಂಡಿನ ಆ ಕರಾವಳಿಗೆ ನದಿಗಳೆಲ್ಲ ಜೌಗುನೆಲದಿಂದ ಹರಿದು ಬರುತ್ತವೆ. ನೀರು ಹಾಲು ಹಾಕದ ಚಹಾದ ಹಾಗೆ ಕಂದು. ಬೇಸಿಗೆಯಿಡೀ ಅದರಲ್ಲಿದ್ದ ದೋಣಿಯ ಬಿಳಿ ಮೈಗೆ ನೀರು ಮುಟ್ಟುವ ಮಟ್ಟದಲ್ಲಿ ಹಳದಿಗಂದು ಕಲೆ ಕೂತುಬಿಡುತ್ತದೆ. ಅಕ್ಟೋಬರಿನಲ್ಲಿ ಕ್ರೇನು ಬಂದು ದೋಣಿಗಳನ್ನೆಲ್ಲ ದಡಕ್ಕೆತ್ತಿ ಮರದ ಆಸರೆಗಳ ಮೇಲೆ ಕೂರಿಸಿದ ಮೇಲೆ ಅರ್ಮಿಯ ರಾಜ್ಯಭಾರ ಶುರು. ಆಸಿಡ್ ಪುಡಿಯನ್ನು ಗೋಂದಿನಲ್ಲಿ ಗಂಜಿಯ ಹದಕ್ಕೆ ಕಲಸಿ, ಕಲೆಯ ಮೇಲೆ ಬಳಿದು, ಒಂದು ಕಾಫಿ ಕುಡಿಯುವಷ್ಟು ಹೊತ್ತು ಬಿಟ್ಟು ತೊಳೆಯುತ್ತಾಳೆ. ಅವಸರದಲ್ಲಿ ಗಸಗಸ ಉಜ್ಜುವವರನ್ನು ಕಂಡರೆ ಅವಳಿಗಾಗದು.

"ಉಜ್ಜೋದೆಲ್ಲ ನಿಮ್ಮನೆ ಬಾಣಲೆಗೆ ಇಟ್ಕೊಳ್ಳಿ. ಇಲ್ಲಿ ಕಾಯೋಕೆ ಬರಬೇಕು" ಎಂದು ಗದರುತ್ತಾಳೆ.

ಮದುವೆಯ ಗೊಡವೆಗೆ ಅವಳು ಹೋಗಲಿಲ್ಲ. ಯಾರಾದರೂ ಕೆಣಕಿದರೆ, "ದೋಣಿಗಳ ಹೊಟ್ಟೆ ತೊಳೆದೇ ಸಾಕಾಗಿದೆ ಕಣ್ರಪ್ಪ, ಇನ್ನೊಬ್ಬನ ಅಂಗಿ ಬೇರೆ ಯಾರು ತೊಳೀತಾರೆ?" ಎನ್ನುತ್ತಿದ್ದಳು. ಅಪ್ಪ ಈವರಿಯನ್ನು ಕೊನೆಯವರೆಗೆ ನೋಡಿಕೊಂಡವಳು ಅವಳೇ. ತಮ್ಮ ರೈಮೋ ಹೆಂಡತಿಯ ಜೊತೆ ನದಿಯ ಮೇಲುಭಾಗದಲ್ಲಿ ಬೇರೆ ಮನೆ ಮಾಡಿದ್ದ. ಮಾತಿನ ಮಲ್ಲ, ನಗಿಸುವವನು. ಅರ್ಮಿಗೆ ಅವನೆಂದರೆ ಪ್ರಾಣ.

ಈವರಿ ಹರೆಯದಲ್ಲಿ ಆ ನದಿಯಲ್ಲಿ ಮರದ ದಿಮ್ಮಿ ತೇಲಿಸುವ ಕೆಲಸಕ್ಕಿದ್ದವನು. ಜೊತೆಗಿದ್ದ ಅವನ ತಮ್ಮ ಉರ್ಹೋ ಒಂದು ವಸಂತದಲ್ಲಿ ಕಾಲು ಜಾರಿ ದಿಮ್ಮಿಗಳ ನಡುವೆ ಮುಳುಗಿಹೋದ. ಹೆಣವೂ ಸಿಗಲಿಲ್ಲ. ಸಾಯುವ ಮುಂಚೆ ಈವರಿ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು ಒಂದೇ ಮಾತು: "ಈ ನದಿಗೆ ನಮ್ಮನೆಯಿಂದ ಒಬ್ಬ ಸಾಕು. ನನ್ನ ಬೂದೀನ ದೀಪಸ್ತಂಭ ದಾಟಿ ಸಮುದ್ರಕ್ಕೆ ಹಾಕಿ. ನದಿಗೆ ಮಾತ್ರ ಬೇಡ." ಇಬ್ಬರೂ ಆಗಲಿ ಅಂದರು.

ಬೂದಿ ಒಯ್ಯುವ ಹೊತ್ತಿಗೆ ದೋಣಿಗಳನ್ನು ನೀರಿಗಿಳಿಸುವ ಕಾಲ. ಅರ್ಮಿಗೆ ಉಸಿರಾಡಲೂ ಪುರಸೊತ್ತಿರಲಿಲ್ಲ. "ನಾನೊಬ್ಬನೇ ಹೋಗಿಬರ್ತೀನಿ ಬಿಡೇ ಅಕ್ಕ. ಅಪ್ಪನ ಜೊತೆ ಒಂದು ಸಲ ನಾನೊಬ್ಬನೇ ಇರಬೇಕು" ಎಂದ ರೈಮೋ. ಅವಳ ಕರುಳು ಕರಗಿತು. ಅಪ್ಪನ 'ಲೊಕ್ಕಿ' ದೋಣಿಯನ್ನೂ ಬೂದಿಯನ್ನೂ ಅವನಿಗೇ ಒಪ್ಪಿಸಿದಳು. ಆಮೇಲೆ ಬಂದು ಅವನು ವರ್ಣಿಸಿದ್ದನ್ನು ಕೇಳಬೇಕಿತ್ತು! ಸಮುದ್ರ ಕನ್ನಡಿಯ ಹಾಗಿತ್ತಂತೆ, ಬೂದಿ ಒಂದು ಗಳಿಗೆ ತೇಲಿ ಮೆಲ್ಲಗೆ ಇಳಿಯಿತಂತೆ, ತಲೆಯ ಮೇಲೆ ಒಂದು ಕಡಲಹಕ್ಕಿ ಸುತ್ತು ಹಾಕಿ ಹೋಯಿತಂತೆ. ಅಲ್ಲಿಂದ ಬರಲು ಮನಸ್ಸೇ ಬಾರದೆ ಜುಲೈ ತಿಂಗಳಿಡೀ ಮತ್ತೆ ಮತ್ತೆ ಆ ಕಡೆಗೇ ಹಾಯಿ ಕಟ್ಟಿದನಂತೆ. ಅರ್ಮಿ ಇದನ್ನು ಕಂಡಕಂಡವರಿಗೆಲ್ಲ ಹೇಳಿಕೊಂಡು ಅತ್ತಳು.

ಅಕ್ಟೋಬರಿನಲ್ಲಿ ರೈಮೋ ತನ್ನ ಮನೆಯ ಮುಂದಿನ ದೋಣಿಕಟ್ಟೆಯಿಂದ ಲೊಕ್ಕಿಯನ್ನು ತಂದು ಬಿಟ್ಟ. ಅರ್ಮಿ ಅದನ್ನು ಕೊನೆಗೆಂದು ಉಳಿಸಿಕೊಂಡಳು. ವರ್ಷದ ಕೊನೆಯ ದೋಣಿ ತೊಳೆದ ದಿನ ಅದರ ಹೊಟ್ಟೆಯಡಿಯಲ್ಲೇ ಮನೆಮಂದಿ ಕೂತು ಕಾಫಿ ಕುಡಿಯುವುದು ಅಲ್ಲಿನ ವಾಡಿಕೆ. ಆಸಿಡ್ ಗಂಜಿ ಕಲಸಿಟ್ಟು ಕುಂಚ ಹಿಡಿದವಳು ದೋಣಿಯ ಮೂತಿಯ ಮುಂದೆ ನಿಂತೇಬಿಟ್ಟಳು.

ಓಡಾಡಿದ ದೋಣಿಗೆ ಮೀಸೆ ಬರುತ್ತದೆ. ಮೂತಿ ಸೀಳಿದ ನೀರು ಎರಡೂ ಕೆನ್ನೆಗೆ ಎರಚಿ ಎರಚಿ ಕಲೆ ಮೇಲಕ್ಕೇರುತ್ತದೆ. ಅಲ್ಲಿನವರು ಅದನ್ನು ಮೀಸೆಯೆಂದೇ ಕರೆಯುವುದು. ಲೊಕ್ಕಿಗೆ ಮೀಸೆಯಿರಲಿಲ್ಲ. ಸುತ್ತಲೂ ದಾರ ಹಿಡಿದು ಎಳೆದಂಥ ನೇರ ಗೆರೆ. ಪಾಚಿಯೂ ಒಂದೇ ಮಗ್ಗುಲಿಗೆ, ದಿನವಿಡೀ ಬಿಸಿಲು ಬಿದ್ದ ಕಡೆಗೆ. ಕಟ್ಟಿದಲ್ಲೇ ಬೇಸಿಗೆ ಕಳೆದ ದೋಣಿ ಮಾತ್ರ ಹೀಗಿರುತ್ತದೆ. ಅವನೇ ಒರೆಸಿರಬಹುದೇ ಎಂದು ಒಂದು ಕ್ಷಣ ತಮ್ಮನ ಪರ ವಕಾಲತ್ತು ಮಾಡಿ ನೋಡಿದಳು. ಹುಟ್ಟಿದಾಗಿನಿಂದ ತನ್ನ ತಟ್ಟೆಯನ್ನೇ ಒರೆಸದವನು ಅವನು. ಅವಳು ಕುಂಚವನ್ನು ಕೆಳಗಿಟ್ಟಳು.

ರೈಮೋ ಏಲಕ್ಕಿ ಬನ್ನಿನ ಪೊಟ್ಟಣ ಹಿಡಿದು ನಗುತ್ತ ಬಂದ. "ಏನೇ ಅಕ್ಕ, ಇನ್ನೂ ಶುರುವೇ ಮಾಡಿಲ್ಲ? ವಯಸ್ಸಾಯ್ತು ನಿಂಗೆ!"

"ದೋಣಿ ಬೇಸಿಗೇಲಿ ಎಲ್ಲಿತ್ತೋ?"

"ಅವತ್ತೇ ಹೇಳಿದ್ನಲ್ಲ. ನಾನೇನು ಸುಳ್ಳು ಹೇಳಿದ್ನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸುಳ್ಳಿನ ಮಾತನ್ನು ಅವಳು ಎತ್ತೇ ಇರಲಿಲ್ಲ. ಸುಮ್ಮನೆ ದೋಣಿಯ ಮೂತಿಯತ್ತ ಕೈ ತೋರಿಸಿದಳು. ದೋಣಿಯವರ ಮನೆಯಲ್ಲಿ ಹುಟ್ಟಿದವನಿಗೆ ಅಷ್ಟು ಸಾಕಾಯಿತು. ನಗು ಇಳಿಯಿತು.

"ಹೊರಟಿದ್ದೆ ಕಣೇ, ದೇವರಾಣೆ. ಮೋಟಾರು ಕೈಕೊಡ್ತು. ಆಮೇಲೆ ಗಾಳಿ. ಆಮೇಲೆ ಅದೂ ಇದೂ. ನನ್ನ ಹೆಂಡ್ತಿ ಬೇರೆ, ಬೂದಿ ಎಷ್ಟು ದಿನ ಮನೇಲಿಟ್ಕೊಳ್ಳೋದು ಅಂತ ಶುರು ಮಾಡಿದ್ಳು."

"ಅಪ್ಪ ಎಲ್ಲೋ?"

"ನಮ್ಮನೆ ದೋಣಿಕಟ್ಟೆ ಹತ್ರ."

"ನದೀಲಿ."

"ಎಲ್ಲ ನೀರೂ ಕೊನೆಗೆ ಸಮುದ್ರಕ್ಕೇ ತಾನೇ ಹೋಗೋದು?" ಅಂದ ಅವನು.

ಅವಳಿಗೆ ಕಪಾಳಕ್ಕೆ ಹೊಡೆಯಬೇಕೆನಿಸಿತು. ಅಪ್ಪ ಕೇಳಿದ್ದು ಅದೊಂದೇ. ಅದನ್ನೇ ಇವನು ಸೋಮಾರಿತನಕ್ಕೆ ಬಲಿ ಕೊಟ್ಟಿದ್ದ. ಸಾಲದ್ದಕ್ಕೆ ಕನ್ನಡಿಯಂಥ ಸಮುದ್ರ, ಕಡಲಹಕ್ಕಿ! ಅವನ ಆ ಕಟ್ಟುಕತೆಯನ್ನು ಎದೆಗವಚಿಕೊಂಡು ಇವಳು ಬೇಸಿಗೆಯಿಡೀ ಸಮಾಧಾನಪಟ್ಟಿದ್ದಳು. ನಂಬಿಸಿ ಕುತ್ತಿಗೆ ಕೊಯ್ಯುವುದೆಂದರೆ ಇದೇ. "ಒಂದು ಮಾತು ಹೇಳಿದ್ರೆ ನಾನೇ ಒಯ್ತಿದ್ದೆನಲ್ಲೋ, ಪಾಪಿ" ಎಂದಳು.

ಅಷ್ಟರಲ್ಲಿ ಕೋಲೂರಿಕೊಂಡು ತೈಮಿ ಅತ್ತೆ ಬಂದಳು. ಈವರಿಯ ತಂಗಿ, ಉರ್ಹೋನ ಅಕ್ಕ. ಒಡಹುಟ್ಟಿದವರಲ್ಲಿ ಉಳಿದವಳು ಅವಳೊಬ್ಬಳೇ. ಕೊನೆಯ ದೋಣಿಯ ಕಾಫಿಯನ್ನು ಅವಳು ಎಂದೂ ತಪ್ಪಿಸಿದವಳಲ್ಲ. ದೋಣಿಯಡಿಯ ಬೆಂಚಿನ ಮೇಲೆ ಕೂತು, ಬನ್ನು ಅದ್ದುತ್ತ, "ಎಲ್ಲಿ ರೈಮೋ, ಇನ್ನೊಂದು ಸಲ ಹೇಳೋ. ಸಮುದ್ರ ಹೇಗಿತ್ತು? ಅದನ್ನ ಕೇಳಿದ ರಾತ್ರಿ ನಂಗೆ ಚೆನ್ನಾಗಿ ನಿದ್ದೆ ಬರುತ್ತೆ" ಎಂದಳು.

ರೈಮೋ ನೆಲ ನೋಡಿದ. ಆಮೇಲೆ ಕಣ್ಣೆತ್ತಿ ಅಕ್ಕನನ್ನು ನೋಡಿದ. ಚಿಕ್ಕಂದಿನಲ್ಲಿ ಗಾಜು ಒಡೆದಾಗ ಹೀಗೇ ನೋಡುತ್ತಿದ್ದ.

ಅರ್ಮಿ ಕೈಗವಸು ಕಳಚಿ ಅತ್ತೆಯ ಪಕ್ಕ ಕೂತಳು. "ಕನ್ನಡಿ ಹಾಗಿತ್ತು ಅತ್ತೆ" ಎಂದು ಶುರು ಮಾಡಿದಳು. ದೀಪಸ್ತಂಭ ಹಿಂದಕ್ಕೆ ಸರಿದದ್ದು, ಬೂದಿ ತೇಲಿದ್ದು, ಹಕ್ಕಿ ಸುತ್ತಿದ್ದು, ಒಂದನ್ನೂ ಬಿಡಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡು ಕೇಳಿದಳು.

"ಸದ್ಯ, ನಮ್ಮಣ್ಣನಾದ್ರೂ ಈ ನದಿಯಿಂದ ಪಾರಾದ" ಎಂದು ಕಣ್ಣೊರೆಸಿಕೊಂಡು, ಅರ್ಮಿಯ ಕೈ ಹಿಡಿದಳು. "ಕಣ್ಣಾರೆ ಕಂಡ ಹಾಗೆ ಹೇಳ್ತೀಯಲ್ಲೇ. ನೀನೂ ಹೋಗಿದ್ದೆ ಅಲ್ವಾ ಜೊತೆಗೆ?"

"ಹೋಗಿದ್ದೆ ಅತ್ತೆ."

ರೈಮೋ ಹಗುರಾಗಿ ಉಸಿರು ಬಿಟ್ಟು ಬನ್ನಿಗೆ ಕೈ ಹಾಕಿದ. ಬೂದಿಯ ವಿಷಯವನ್ನಾದರೂ ಅರ್ಮಿ ಎಂದಾದರೊಂದು ದಿನ ಕ್ಷಮಿಸಿಯಾಳು. ತನ್ನ ಬಾಯಿಂದ ಹೊರಟ 'ಹೋಗಿದ್ದೆ' ಎಂಬ ಆ ಒಂದು ಸುಳ್ಳಿಗೆ ಮಾತ್ರ ಅವಳು ತಮ್ಮನನ್ನು ಇವತ್ತಿಗೂ ಕ್ಷಮಿಸಿಲ್ಲ.