ಮಾವನವರ ಮುಖ ಹೊತ್ತು ಬಂದ ಕರೆ

ಕಳೆದ ವರ್ಷದ ಶ್ರಾವಣ. ಮಾವನವರು ತೀರಿಕೊಂಡು ಎಂಟು ತಿಂಗಳಾಗಿತ್ತು. ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಅತ್ತೆಯವರ ಫೋನು ಕೈಜಾರಿ ಬಿದ್ದು ಅರ್ಧ ಪರದೆ ಕಪ್ಪಾಯಿತು. ಮಾವನವರ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಹೆದರಿ, ಹುಬ್ಬಳ್ಳಿಯ ಮೊಬೈಲ್ ಅಂಗಡಿಗೆ ಒಯ್ದೆ.

"ಎಲ್ಲಾ ನಿಮ್ಮ ಫೋನಿಗೆ ಸಾಗಸ್ತೇನಿ ಬೇಟಿ. ಎರಡೂ ಫೋನು ಬ್ಯಾರೆ ಬ್ಯಾರೆ ಕಂಪನಿವು ಅದಾವ. ಒಂದ ಹೆಸರಿನ ನಂಬರು ಇದ್ರ ಕೂಡಿಸಿಬಿಡ್ಲೇನ್ರಿ?" ಎಂದು ಅಂಗಡಿಯ ಚಾಚಾ ಕೇಳಿದರು.

"ಕೂಡಸ್ರಿ ಚಾಚಾ. ಫೋಟೋ ಉಳಿದ್ರ ಸಾಕು, ಉಳದದ್ದರ ಗೊಡವಿ ನಮಗ್ಯಾಕ್ರಿ?"

ಅವರು ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ಎಲ್ಲದಕ್ಕೂ ಹೂಂ ಅಂದೆ.

ಮರುದಿನ ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ, ಅತ್ತೆ ಪಕ್ಕದಲ್ಲಿ ಕಾಳು ಹಸನು ಮಾಡುತ್ತಿದ್ದರು. ನನ್ನ ಫೋನು ರಿಂಗಾಯಿತು. ನೋಡಿದರೆ ಪರದೆಯ ತುಂಬ ಮಾವನವರು! ಬಿಳಿ ಟೊಪ್ಪಿಗೆ, ಹಣೆಯ ಮೇಲೆ ವಿಭೂತಿ, ತುಟಿಯಲ್ಲಿ ಅದೇ ಅರ್ಧ ನಗೆ. ಹಂಚಿನ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂದರೂ ನನ್ನ ಕೈ ಏಳಲಿಲ್ಲ.

ಅತ್ತೆಯೂ ನೋಡಿದರು. ಮಾವನವರು ಹೋದ ದಿನ, ಶಿರಗುಪ್ಪಿಯ ಹೊಲದಿಂದ ಇದೇ ಹೊತ್ತಿಗೆ ಅವರಿಗೆ ಫೋನ್ ಮಾಡಿದ್ದರು. "ಕೈಯೆಲ್ಲಾ ಹಿಟ್ಟ ಆಗೇತಿ, ಹೆಂಗೂ ಮನಿಗೆ ಬರ್ತಾರಲ್ಲ" ಎಂದು ಅತ್ತೆ ಎತ್ತಿರಲಿಲ್ಲ. ಆಮೇಲೆ ಬಂದದ್ದು ಸಾವಿನ ಸುದ್ದಿ. ಎಂಟು ತಿಂಗಳಿಂದ ಆ ಕೊರಗಿಗೆ ಅವರು ಅರ್ಧ ಆಗಿದ್ದರು.

ನಾನು ತಡೆಯುವಷ್ಟರಲ್ಲಿ ಫೋನು ಅವರ ಕಿವಿಯಲ್ಲಿತ್ತು.

ಗಾಳಿಯ ಸಪ್ಪಳದ ನಡುವೆ ಮಾವನವರದೇ ದಪ್ಪ ಧ್ವನಿ ನನಗೂ ಕೇಳಿಸಿತು: "ಶಿರಗುಪ್ಪಿಯಿಂದ ಹೊಂಟೇನಿ."

"ಅವತ್ತ ನಿಮ್ಮ ಫೋನ್ ಎತ್ತಲಿಲ್ರಿ ನಾ. ಸಿಟ್ಟಾಗಬ್ಯಾಡ್ರಿ," ಎಂದರು ಅತ್ತೆ.

ಬರೀ ಗಾಳಿ. ಆಮೇಲೆ, ಸಾವಕಾಶ, "ಸಿಟ್ಟಿಲ್ಲ."

"ಹಂಗಾರ ಹೋಗಿ ಬರ್ರಿ."

ಫೋನಿಟ್ಟು ಅತ್ತೆ ಮತ್ತೆ ಕಾಳಿಗೆ ಕೈಹಾಕಿದರು.

ನಾನು ಫೋನು ಹಿಡಿದು ಹಿತ್ತಲಿಗೆ ಓಡಿ, ಅದೇ ನಂಬರಿಗೆ ತಿರುಗಿ ಹಚ್ಚಿದೆ. ಎತ್ತಿದವರು, ಬೆಳಿಗ್ಗೆ ಶಿರಗುಪ್ಪಿಯ ಹೊಲಕ್ಕೆ ಹೋಗಿದ್ದ ನನ್ನ ಗಂಡ! ಆಗ ತಿಳಿಯಿತು. ನಮ್ಮ ಮನೆಯಲ್ಲಿ ಗಂಡನ ಹೆಸರು ಹೇಳುವ ರೂಢಿಯಿಲ್ಲ. "ಫೋನಿನ್ಯಾಗೂ ಬರೀಬಾರ್ದವಾ" ಎಂದು ಅತ್ತೆ ನಾನು ಬಂದ ಹೊಸದರಲ್ಲೇ ಹೇಳಿದ್ದರು. ಅವರ ಫೋನಿನಲ್ಲಿ ಮಾವನವರು "ಮನಿಯವರು", ನನ್ನದರಲ್ಲಿ ನನ್ನ ಗಂಡನೂ "ಮನಿಯವರು". ಯಂತ್ರ ಇಬ್ಬರನ್ನೂ ಒಬ್ಬರನ್ನಾಗಿ ಮಾಡಿ, ಅತ್ತೆ ಇಟ್ಟಿದ್ದ ಫೋಟೋ ಅಂಟಿಸಿತ್ತು. ಧ್ವನಿಯಂತೂ ಮಗನದು ಅಪ್ಪನದೇ ಎರಕ.

"ನೀವು ಸಿಟ್ಟಿಲ್ಲ ಅಂದದ್ದು ಭಾಳ ಛಲೋ ಆತ್ರಿ," ಎಂದೆ.

ಅವರು ಕೇಳಿದರು, "ಯಾರಂದ್ರು? ಅವ್ವ ನನಗ ಬಹುವಚನ ಹಚ್ಚಿದ ಕೂಡಲೇ ನನ್ನ ಬಾಯಿ ಕಟ್ಟಿಬಿಡ್ತು. ಹೊಂಟೇನಿ ಅಂದದ್ದಷ್ಟ ನಾ. ಮುಂದ ಒಂದ ಮಾತೂ ಆಡಿಲ್ಲ."

ಹಿತ್ತಲ ಬಿಸಿಲಿನಲ್ಲಿ ಪರದೆಯ ಮೇಲಿನ ಆ ಅರ್ಧ ನಗೆಯನ್ನೇ ನೋಡುತ್ತ ನಿಂತೆ.

ಮರುದಿನವೇ ಅಂಗಡಿಗೆ ಹೋದೆ. ಯಾವುದು ಬಂದಿದೆ, ಎಲ್ಲಿ ಕೂತಿದೆ, ಯಾವುದು ಯಾವುದರ ಜೊತೆ ಕೂಡಿದೆ ಎಂದು ಒಂದೊಂದೇ ಕೇಳಿದೆ. "ಮೊನ್ನೆ ಗೊಡವಿ ಬ್ಯಾಡ ಅಂದಿದ್ರಿ, ಇವತ್ತ ವಕೀಲರ ಗತೆ ಕೇಳಾಕತ್ತೀರಲ್ಲ!" ಎಂದು ಚಾಚಾ ನಕ್ಕರು. ನನಗೆ ನಗು ಬರಲಿಲ್ಲ. ಇಬ್ಬರನ್ನೂ ಬೇರೆ ಮಾಡಿಸಿಕೊಂಡು ಬಂದೆ.

ಅತ್ತೆ ಅಂದಿನಿಂದ ಹೊಟ್ಟೆ ತುಂಬ ಉಣ್ಣುತ್ತಿದ್ದಾರೆ, ನಿದ್ದೆಯೂ ಹತ್ತುತ್ತಿದೆ. ಆದರೂ ಸುಳ್ಳಿನ ಭಾರ ನನಗೇಕೆಂದು ಒಂದು ದಿನ ಬಾಯಿಬಿಟ್ಟೆ. "ಅತ್ತೀ, ಅವತ್ತಿನ ಫೋನು ಖರೇ ಅಂದ್ರ..."

ಅವರು ನನ್ನ ಕೈ ಹಿಡಿದು ಕೇಳಿದರು, "ಸಿಟ್ಟಿಲ್ಲ ಅಂದದ್ದು ನಿನಗೂ ಕೇಳಸ್ತು, ಹೌದಿಲ್ಲೋ?"

"ಹೂಂರಿ," ಎಂದೆ.