ಹಿರೇಮಠರ ಹಿಮದ ಗುಂಡಿ

ಹಿಮ ಕರಗಲೆಂದು ಡ್ರೈವ್‌ವೇಗೆ ಚೆಲ್ಲುವ ಉಪ್ಪಿನ ಚೀಲ ಹುಡುಕುತ್ತಿದ್ದೆ, ಗರಾಜಿನ ಗೋಡೆಯಿಂದ ಹಳೆಯ ಅಲ್ಯುಮಿನಿಯಂ ಸಲಿಕೆ ಕಾಲಿನ ಮೇಲೆ ಬಿತ್ತು. ಅದರ ಹಿಡಿಗೆ ಇನ್ನೂ ಸ್ಕೀ ಮೇಣದ ವಾಸನೆ. ಹೆಬ್ಬೆರಳು ಹಿಡಿದು ಕುಣಿಯುತ್ತಲೇ ಹಿರೇಮಠರನ್ನು ನೆನೆದೆ. ನೀವು ನಗಬಹುದು, ಬೇರೆ ಯಾರ ನೆನಪೂ ನನಗೆ ಹೀಗೆ ಏಟು ಕೊಟ್ಟು ಬರುವುದಿಲ್ಲ.

ಎರಡು ಸಾವಿರದ ಒಂಬತ್ತರ ಸುಮಾರಿನಲ್ಲಿ ಅವರು ಈ ಹಿಮದ ದೇಶದ ಥಾರ್ನ್‌ಹಿಲ್ಲಿನಲ್ಲಿ ನಮ್ಮ ಪಕ್ಕದ ಮನೆಯವರು. ಧಾರವಾಡದವರು, ಮಣ್ಣು ಪರೀಕ್ಷಿಸುವ ಇಂಜಿನಿಯರಾಗಿ ನಿವೃತ್ತರಾದವರು. ಹಿಮ ಬಿದ್ದರೆ ನಾವೆಲ್ಲ ಡ್ರೈವ್‌ವೇಯಿಂದ ಅದನ್ನು ತೆಗೆಯುತ್ತಿದ್ದೆವು. ಅವರು ಹಿತ್ತಿಲಲ್ಲಿ ಗುಂಡಿ ತೋಡುತ್ತಿದ್ದರು. "ಮಣ್ಣು ತೀರಿತು, ಈಗ ಹಿಮಾ ಅಗ್ಯಾಕ ಹತ್ಯಾರ ನೋಡ್ರಿ," ಎಂದು ಅವರ ಹೆಂಡತಿ ಕಿಟಕಿಯಿಂದಲೇ ದೂರುತ್ತಿದ್ದರು. ಜಾರ್ಜ್‌ಟೌನ್ ಕಡೆಯ ದಿಬ್ಬವೊಂದರಲ್ಲಿ ಬಿದ್ದೂ ಬಿದ್ದೂ ಸ್ಕೀ ಕಲಿತೆನೆಂದುಕೊಂಡಿದ್ದ ನಾನೇ ಅವರ ಏಕೈಕ ಶಿಷ್ಯ. ಅವರ ಪಾಠ ಇಷ್ಟು: ಗುಂಡಿಯ ಗೋಡೆಯಿಂದ ಹಿಮದ ಕಂಬವೊಂದನ್ನು ಬಿಡಿಸಬೇಕು. ಮೇಲೆ ಸಲಿಕೆ ಇಟ್ಟು ಮೊದಲು ಮಣಿಕಟ್ಟಿನಿಂದ, ಆಮೇಲೆ ಮೊಣಕೈಯಿಂದ, ಕೊನೆಗೆ ಭುಜದಿಂದ ತಟ್ಟಬೇಕು. ಕಂಬ ಬೇಗ ಜಾರಿದರೆ ಒಳಗೆಲ್ಲೋ ಸಡಿಲ ಪದರವಿದೆ ಎಂದರ್ಥ. ಬೆಟ್ಟದ ಇಳಿಜಾರೂ ಹಾಗೆಯೇ ಕುಸಿದು ನಮ್ಮನ್ನು ಹೂತುಬಿಡಬಹುದು.

ಒಂದು ಫೆಬ್ರವರಿಯಲ್ಲಿ ಇಬ್ಬರೂ ಪಶ್ಚಿಮದ ರಾಕಿ ಪರ್ವತಗಳಿಗೆ ಹಾರಿದೆವು. ಅಲ್ಲೊಂದು ಬೆಟ್ಟದ ನೆತ್ತಿಯ ಏಣಿನ ಆಚೆ ಹೆಪ್ಪುಗಟ್ಟಿದ ಕೆರೆಯಿದೆ. ಅದನ್ನೊಮ್ಮೆ ನೋಡಬೇಕೆಂದು ಅವರಿಗೆ ಎಷ್ಟೋ ವರ್ಷಗಳ ಆಸೆ. ಅದರ ಫೋಟೋ ಅವರ ಫ್ರಿಜ್ಜಿನ ಮೇಲೆ ಹಳದಿಯಾಗಿತ್ತು. ಬೆಳಗಿನಿಂದ ಹತ್ತಿ, ಕೊನೆಯ ಇಳಿಜಾರಿನ ಬುಡದಲ್ಲಿ ಗುಂಡಿ ತೋಡಿದೆವು. ಮೊಣಕೈವರೆಗೆ ಹೋಗಲೇ ಇಲ್ಲ. ಮಣಿಕಟ್ಟಿನ ತಟ್ಟಿಗೇ ಕಂಬದ ಮೇಲ್ಭಾಗ ಮೇಜಿನ ಖಾನೆಯಂತೆ ಹೊರಕ್ಕೆ ಜಾರಿತು.

ಬಿಸಿಲು ಚೆನ್ನಾಗಿತ್ತು. "ಸರ್, ಇಷ್ಟು ದೂರ ಬಂದಿದೀವಿ, ಇನ್ನೊಂದ್ ಸ್ಪಾಟಲ್ಲಿ ಟೆಸ್ಟ್ ಮಾಡೋಣ," ಎಂದೆ.

ಅವರು ಏಣಿನ ಕಡೆ ಬಹಳ ಹೊತ್ತು ನೋಡಿದರು. "ಹೂಂ ಅನ್ನೂತನಕ ಕೇಳಿದ್ರ ಅದು ಟೆಸ್ಟ್ ಅಲ್ಲೋ ತಮ್ಮಾ. ಗುಡ್ಡ ಎಲ್ಲಿ ಓಡಿ ಹೋಗ್ತದ? ಮುಂದಿನ ವರ್ಷ ಬರೂಣು." ಗುಂಡಿಯ ಅಂಚಿನಲ್ಲೇ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದು ಇಳಿದೆವು.

ಗುಡ್ಡ ಓಡಿ ಹೋಗಲಿಲ್ಲ. ಆ ಬೇಸಿಗೆಯಲ್ಲಿ ಹೃದಯಾಘಾತವಾಗಿ ಹಿರೇಮಠರೇ ಹೋದರು. ಅವರ ಹೆಂಡತಿ ಸಲಿಕೆಯನ್ನು ನನಗೆ ಕೊಟ್ಟು, ಮನೆ ಮಾರಿ, ಮಗಳ ಊರಿಗೆ ಹೊರಟರು. ಹಿರೇಮಠರು ಆ ಕೆರೆ ನೋಡಲಿಲ್ಲವಲ್ಲ ಎಂಬ ಸಂಕಟ ಇಷ್ಟು ವರ್ಷವೂ ನನ್ನನ್ನು ಬಿಟ್ಟಿಲ್ಲ.

ಉಪ್ಪು ಅಲ್ಲೇ ಇರಲಿ ಎಂದು ಸಲಿಕೆ ಹಿಡಿದು ಹಿತ್ತಿಲಿಗೆ ಕುಂಟಿದೆ. ಗುಂಡಿ ತೋಡಿ, ಕಂಬ ಬಿಡಿಸಿ ತಟ್ಟಿದೆ. ಮಣಿಕಟ್ಟು, ಮೊಣಕೈ, ಭುಜ. ಅದು ಅಲುಗಲಿಲ್ಲ. ಕೆರೆಯ ಆಸೆ ಅವರದು. ನನಗೆ ಬೇಕಾಗಿದ್ದದ್ದು ಅವರ ಪಕ್ಕ ಕೂತು ಆ ರೊಟ್ಟಿ ತಿನ್ನುವುದಷ್ಟೇ ಎಂದು ಆಗ ಗೊತ್ತಾಯಿತು. ಪಕ್ಕದ ಮನೆಯ ಕಿಟಕಿಯಲ್ಲಿ ಬೇರೆ ಯಾರದೋ ಪರದೆ. ಆದರೂ ಅತ್ತ ತಿರುಗಿ ಮೆಲ್ಲಗೆ ಹೇಳಿದೆ: "ಸರ್, ಇವತ್ತು ಹೋಗಬಹುದು."